ಬೆಚ್ಚಗಿನ ಹಿರಿಯರ ಜಾಗ

ನಾರಿನ್ ಊರಿನ ಚಳಿಗಾಲ. ಸೊಸೆ ಕಲಿಪಾಳ ಕೂಸು ತೊಟ್ಟಿಲಲ್ಲಿತ್ತು. ಮನೆ ಬೆಚ್ಚಗಿಡುವ ಬಾಯ್ಲರು ಮಾತ್ರ ದಿನವೂ ನೀರು ಸೋರಿ ಆರಿಹೋಗುತ್ತಿತ್ತು. ಪೈಪಿನ ಕೆಲಸದ ಸಮತ್ ಮನೆಯೆಲ್ಲ ತಡಕಿ, ಬಾಗಿಲೆದುರಿನ ಹಿರಿಯರ ಜಾಗ, ಅಂದರೆ ಮನೆಯಲ್ಲಿರುವವರಲ್ಲಿ ಎಲ್ಲರಿಗಿಂತ ಹಿರಿಯರು ಕೂರುವ ಜಾಗ, ತೋರಿಸಿದ.

"ಅಲ್ಲೇ ನೆಲದಡಿ ಬಿಸಿನೀರಿನ ಪೈಪು ಸೋರ್ತಿರೋದು. ತಾತ, ಸ್ವಲ್ಪ ಏಳ್ತೀರಾ?"

ಅಲ್ಲಿ ಕಂಬಳಿಯ ಮೇಲೆ ಕೂತಿದ್ದ ಕಲಿಪಾಳ ಮಾವ ಅಲುಗಲಿಲ್ಲ. "ಈ ಬಿಸಿಗೇ ನನ್ನ ಮಂಡಿನೋವು ಹೋಗಿರೋದು ಕಣೋ. ನನಗಿಂತ ಹಿರಿಯರು ಬಂದ್ರೆ ಏಳ್ತೀನಿ."

ಕಲಿಪಾ ಬೂಟು ಹಾಕಿಕೊಂಡು ಹೋಗಿ, ಮಾವನಿಗಿಂತ ವಯಸ್ಸಾದ ಪಕ್ಕದ ಮನೆಯ ತುರ್ದುಬಾಯ್ ಅಜ್ಜನನ್ನು ಚಹಾಕ್ಕೆ ಕರೆತಂದಳು. ಮಾವ ಗೊಣಗುತ್ತ ಜಾಗ ಬಿಟ್ಟರು. ಅವಳು ಕಂಬಳಿ ಎತ್ತುವಷ್ಟರಲ್ಲಿ ಅಜ್ಜ ಕೂತೇಬಿಟ್ಟರು.

"ಆಹಾ, ಎಂಥ ಬಿಸಿ ತಾಯಿ! ಇನ್ನು ಹಿಮ ಕರಗಿದ ಮೇಲೇ ನಾನು ಏಳೋದು."

ಕಲಿಪಾ ಕೂಸಿಗೆ ಇನ್ನೊಂದು ರಜಾಯಿ ಹೊದಿಸಿ, ಊರಲ್ಲಿ ಅಜ್ಜನಿಗಿಂತ ಹಿರಿಯರು ಯಾರಿದ್ದಾರೆಂದು ಯೋಚಿಸುತ್ತ ಮತ್ತೆ ಬೂಟು ಹಾಕಿಕೊಂಡಳು.