ಮಾಜಿಯವರ ಕರವಸ್ತ್ರ

ಮೂರು ಅವಧಿ ನಗರಸಭೆಯ ಸದಸ್ಯರಾಗಿದ್ದವರನ್ನು ನಾಲ್ಕನೆಯ ಸಲ ನಿಲ್ಲಲು ಕಾನೂನು ಬಿಡಲಿಲ್ಲ, ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಬಿಟ್ಟಿದ್ದರೆ ನಮ್ಮ ಮಾಜಿಯವರು ಸಾಯುವವರೆಗೂ ನಿಲ್ಲುತ್ತಿದ್ದರು. ಸತ್ತ ಮೇಲೂ ಒಂದು ಕೈ ನೋಡಿಬಿಡುತ್ತಿದ್ದರು. ಕಾನೂನು ಅಡ್ಡ ಬಂತು, ಹೆಂಡತಿಯನ್ನು ನಿಲ್ಲಿಸಿದರು. ಅಂದಿನಿಂದ ವಾರ್ಡಿನವರ ಬಾಯಲ್ಲಿ ಅವರು ಮಾಜಿ, ಆಕೆ ಮೇಡಂ.

ಪ್ರಚಾರದ ಪೋಸ್ಟರಿನಲ್ಲಿ ಮಾಜಿಯವರ ಮುಖ ಬಾಗಿಲಷ್ಟು, ಮೇಡಂ ಮುಖ ಅಂಚೆಚೀಟಿಯಷ್ಟು. ‘ಇವರಿಗೆ ಹಾಕಿದರೆ ಅವರಿಗೆ ಹಾಕಿದಂತೆ’ ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆಸಿದ್ದರು. ಮನೆಮನೆಗೆ ಹೋದಾಗ ಮಾತೆಲ್ಲ ಅವರದೇ. ಆಕೆ ಹಿಂದೆ ನಿಂತು ನಕ್ಕು ನಕ್ಕು ದವಡೆ ನೋಯಿಸಿಕೊಂಡಳು. ಒಂದು ಮನೆಯ ಬಾಗಿಲಲ್ಲಿ ಅಜ್ಜಿಯೊಬ್ಬಳು ಆಕೆಯನ್ನು ಮೇಲಿಂದ ಕೆಳಗೆ ನೋಡಿ, “ಗೆದ್ಮೇಲೆ ನಮ್ಮ ಚರಂಡಿಗೆ ಯಾರನ್ನ ಕೇಳ್ಬೇಕು?” ಎಂದಳು.

“ನನ್ನನ್ನೇ ಕೇಳಿ ಅಜ್ಜಿ. ಹೆಸರು ಅವಳ್ದು, ಓಡಾಟ ನಂದು,” ಎಂದರು ಮಾಜಿ. ಅಜ್ಜಿಗೆ ಸಮಾಧಾನವಾಯಿತು. ವಾರ್ಡಿಗೂ ಸಮಾಧಾನವಾಗಿರಬೇಕು, ಆಕೆ ಭರ್ಜರಿಯಾಗಿ ಗೆದ್ದಳು.

ಅದಕ್ಕೂ ಮುಂಚೆ ಆಕೆಗೆ ತನ್ನದೇ ಒಂದು ಕೆಲಸವಿತ್ತು ಎಂಬುದು ಈಗ ಯಾರ ನೆನಪಿನಲ್ಲೂ ಇರಲಿಲ್ಲ. ನಗರಸಭೆಯೇ ನಡೆಸುತ್ತಿದ್ದ ಶಿಶುವಿಹಾರದಲ್ಲಿ ಆಕೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಬಸ್ ಕಂಡಕ್ಟರು, ನರ್ಸು, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವರು, ಇಂಥ ತಾಯಂದಿರು ಬೆಳಗಾಗುತ್ತಲೇ ಮಕ್ಕಳನ್ನು ತಂದು ಬಿಟ್ಟು ಓಡುತ್ತಿದ್ದರು. ಮೊಣಕಾಲೆತ್ತರದ ನಲ್ಲಿಗಳು, ಫಿನಾಯಿಲು ಮತ್ತು ಹಾಲು ಬೆರೆತ ವಾಸನೆ, ಒಂದು ಮಗು ಅತ್ತರೆ ಸರದಿಯಂತೆ ಅಳುವ ಉಳಿದವು. ಅಲ್ಲಿ ಯಾವ ಮಗುವಿಗೆ ನಿಜವಾಗಿ ಹೊಟ್ಟೆನೋವು, ಯಾವುದು ಬರೀ ಕಳ್ಳಾಟ ಎಂದು ಆಕೆ ಹೇಳಿದರೆ ಮುಗಿಯಿತು, ಎರಡನೆಯ ಮಾತಿಲ್ಲ. ಹಿರಿಯ ಆಯಾ ಒಬ್ಬಳಿದ್ದಳು, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಆ ದೊಡ್ಡಕ್ಕ ಕೂಡ ಆಕೆಯನ್ನು ಕೇಳಿಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದಳು. ಸದಸ್ಯತ್ವದ ಅವಧಿ ಮುಗಿದ ಮರುದಿನವೇ ಅಲ್ಲಿಗೆ ವಾಪಸ್ಸು ಹೋಗಬೇಕೆಂದು ಆಕೆ ಗೆದ್ದ ದಿನವೇ ನಿಶ್ಚಯಿಸಿದ್ದಳು. ಅದೊಂದು ಆಸೆಯಲ್ಲೇ ಜೀವ ಹಿಡಿದುಕೊಂಡಿದ್ದಳು.

ಕರವಸ್ತ್ರದ ವಿಷಯಕ್ಕೆ ಬರೋಣ. ಅದನ್ನು ಮಾಜಿ ಆಕೆಯ ಮೇಲೆ ಹೇರಿದ್ದರು ಎಂದುಕೊಂಡರೆ ತಪ್ಪಾಗುತ್ತದೆ. ಕೇಳಿದ್ದು ಆಕೆಯೇ. ಮೊದಲ ಸಭೆಯಲ್ಲಿ ಒಂದು ನಿರ್ಣಯ ಬಂತು, ಅದಕ್ಕೊಂದು ತಿದ್ದುಪಡಿ ಬಂತು, ತಿದ್ದುಪಡಿಗೇ ಇನ್ನೊಂದು ತಿದ್ದುಪಡಿ ಬಂತು. ಆಕೆ ತಲೆಬುಡ ತಿಳಿಯದೆ ತಪ್ಪಾದ ಕಡೆ ಕೈ ಎತ್ತಿ ಕೂತಳು. ಸಭೆಯೇ ಘೊಳ್ಳೆಂದು ನಕ್ಕಿತು. ಮನೆಗೆ ಬಂದು ಮುಖ ಮುಚ್ಚಿಕೊಂಡು ಅತ್ತು, “ರೀ, ನೀವು ಗ್ಯಾಲರಿಯಲ್ಲಿ ಕೂತು ಏನಾದ್ರೂ ಸನ್ನೆ ಮಾಡಿ, ನನ್ನ ಮಾನ ಉಳಿಸಿ,” ಎಂದಳು.

ಅಲ್ಲಿಂದ ಶುರು. ಮಾಜಿ ಪ್ರೇಕ್ಷಕರ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಕೂರುವರು. ಬಿಳಿ ಕರವಸ್ತ್ರ ಹೊರಗೆ ಬಂದರೆ ಕೈ ಎತ್ತಬೇಕು, ಬರದಿದ್ದರೆ ಸುಮ್ಮನಿರಬೇಕು. ಮೊದಮೊದಲು ಆಕೆ ಕರವಸ್ತ್ರ ನೋಡಿ, ಯೋಚಿಸಿ, ಕೈ ಎತ್ತುತ್ತಿದ್ದಳು. ಆಮೇಲೆ ನೋಡಿ ಎತ್ತುತ್ತಿದ್ದಳು. ಬರುಬರುತ್ತಾ ನೋಡಿದೆನೋ ಇಲ್ಲವೋ ಎಂಬುದೂ ಗೊತ್ತಾಗದಂತೆ ಕೈ ತಾನೇ ಮೇಲೇಳತೊಡಗಿತು. ಸಭೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಯಾರೂ ಬಾಯಿಬಿಡಲಿಲ್ಲ, ಯಾಕೆಂದರೆ ಬೇರೆಯವರ ಕರವಸ್ತ್ರಗಳೂ ಎಲ್ಲೆಲ್ಲೋ ಇದ್ದವು.

ಹೀಗಿರುವಾಗ ಶಿಶುವಿಹಾರವನ್ನು ಕೆಡವಿ ಅಲ್ಲಿ ಕಾರು ನಿಲ್ಲಿಸುವ ಕಟ್ಟಡ ಕಟ್ಟುವ ನಿರ್ಣಯ ಬಂತು. ಬದಲಿ ಜಾಗ ಎಲ್ಲಿ ಎಂದು ಕೇಳಿದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ. ಆ ಪದದ ಅರ್ಥ ಏನೆಂಬುದು ಮಾಜಿಯವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ತಾಯಂದಿರಿಗೆ ಮಕ್ಕಳನ್ನು ಬಿಡಲು ಜಾಗವಿಲ್ಲ, ತನಗೆ ವಾಪಸ್ಸು ಹೋಗಲು ಜಾಗವಿಲ್ಲ. ನಿರ್ಣಯ ಪಕ್ಷದ್ದೇ. ಆದರೆ ಎರಡೂ ಕಡೆ ತೂಗಿ ನೋಡಿದರೆ ಒಂದೇ ಒಂದು ಕೈಯ ಮೇಲೆ ಎಲ್ಲ ನಿಂತಿತ್ತು, ಆ ಕೈ ಆಕೆಯದು.

ಊಟಕ್ಕೆ ಕೂತಾಗ ಆಕೆ ತಟ್ಟೆ ಸರಿಸಿ, “ಇದೊಂದು ವಿಷಯ ನಂಗೆ ಬಿಟ್ಬಿಡಿ. ನಾನು ಕೈ ಎತ್ತಲ್ಲ,” ಎಂದಳು.

ಮಾಜಿ ಕಲಸಿದ ಅನ್ನವನ್ನೇ ಮತ್ತೆ ಕಲಸಿದರು. ಪಕ್ಷದವರು ಮುಂದೆ ಹತ್ತಿರ ಸೇರಿಸುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಮನುಷ್ಯ ಕೆಟ್ಟವರಲ್ಲ, ಅದನ್ನೂ ಹೇಳಿಬಿಡಬೇಕು. “ಆಯ್ತು ಕಣೇ. ಬೈದ್ರೆ ಬೈಸ್ಕೋತೀನಿ. ನಾನು ಬರೋದೇ ಇಲ್ಲ ಬಿಡು,” ಎಂದರು.

“ಅಯ್ಯೋ, ಬನ್ನಿ! ನೀವಲ್ಲಿ ಇಲ್ದೇ ಇದ್ರೆ ನಂಗೆ ಕೈಕಾಲೇ ಆಡಲ್ಲ. ಸುಮ್ನೆ ಕೂತಿರಿ, ಅಷ್ಟೆ,” ಎಂದಳು ಆಕೆ.

ಸಭೆಯ ದಿನ ಗ್ಯಾಲರಿ ಕಿಕ್ಕಿರಿದಿತ್ತು. ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ತಾಯಂದಿರು ಬಂದಿದ್ದರು, ದೊಡ್ಡಕ್ಕ ಬಂದಿದ್ದಳು. ಹೊರಗೆ ಗಲಾಟೆ ಎಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ಒಳಗೆ ಉಸಿರಾಡಲು ಗಾಳಿಯಿರಲಿಲ್ಲ. ಮೇಡಂ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಪರ ವಿರೋಧ ಎಂದು ಮಾತು ಎಳೆದಷ್ಟೂ ಎಳೆಯಿತು. ಕೊನೆಗೆ ಅಧ್ಯಕ್ಷರು, “ನಿರ್ಣಯದ ಪರ ಇರೋರು ಕೈ ಎತ್ತಿ,” ಎಂದರು.

ನೋಡಬಾರದು ಎಂದುಕೊಂಡಳು. ಅಂದುಕೊಳ್ಳುವಷ್ಟರಲ್ಲೇ ನೋಡಿಯಾಗಿತ್ತು. ಮುಂದಿನ ಸಾಲಿನಲ್ಲಿ ಬೆವರಿನಲ್ಲಿ ತೊಯ್ದುಹೋಗಿದ್ದ ಮಾಜಿ, ಪಾಪ, ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಳ್ಳುತ್ತಿದ್ದರು.

ಪಕ್ಕದಲ್ಲಿ ಯಾರೋ ಕೈ ಎತ್ತಿದ್ದಾರೆ ಎಂದು ಆಕೆಗೆ ಒಂದು ಕ್ಷಣ ಅನ್ನಿಸಿತು. ಬೆರಳಲ್ಲಿದ್ದ ಉಂಗುರ ನೋಡಿ ತನ್ನದೇ ಎಂದು ಗೊತ್ತಾಯಿತು. ಗುಮಾಸ್ತ ಆಗಲೇ ಎಣಿಸಿ ಮುಂದೆ ಹೋಗಿದ್ದ.

ಎದುರು ಪಕ್ಷದ, ಔಷಧಿ ಅಂಗಡಿ ಇಟ್ಟುಕೊಂಡಿದ್ದ ಸದಸ್ಯರು ಎದ್ದು ನಿಂತು ಕೂಗಿದರು. “ಅಧ್ಯಕ್ಷರೇ, ಮೇಡಂ ನಮ್ಮ ಜೊತೆ ಇದೀನಿ ಅಂದಿದ್ರು! ತಪ್ಪಿ ಎತ್ತಿರ್ಬೇಕು, ಒಂದ್ಸಲ ಕೇಳಿ!”

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಆಕೆಯ ಕಡೆ ತಿರುಗಿದರು. “ಯಾರೂ ಬಾಯಿ ಹಾಕ್ಬೇಡಿ. ಸದಸ್ಯರೇ, ಈ ಕೈ ನೀವು ಮನಸಾರೆ ಎತ್ತಿದ್ದಾ? ಅಲ್ಲ ಅನ್ನೋದಾದ್ರೆ ಈಗ್ಲೇ ಹೇಳಿ, ಮತ್ತೆ ಎಣಿಸ್ತೀವಿ.”

‘ಅಲ್ಲ’ ಎಂದರೆ ಸಾಕಿತ್ತು. ಎರಡೇ ಎರಡು ಅಕ್ಷರ. ಆಕೆ ಎದ್ದು ನಿಂತಳು, ಬಾಯಿ ತೆರೆದಳು, ಕಣ್ಣು ಸೀದಾ ಗ್ಯಾಲರಿಗೆ ಹೋಯಿತು. ಮಾಜಿ ಅನಾಹುತ ಅರ್ಥವಾಗಿ ಕರವಸ್ತ್ರವನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಈ ವಿಷಯ ನಿನ್ನದು ಎಂದು ಮಾತು ಕೊಟ್ಟಿದ್ದರಲ್ಲ, ಕೊಟ್ಟ ಮಾತನ್ನು ಹಟ ಹಿಡಿದು ಉಳಿಸಿಕೊಳ್ಳುತ್ತಿದ್ದರು. ಆಕೆ ಅವರನ್ನೇ ನೋಡುತ್ತಾ ನಿಂತಳು. ಒಂದ್ಸಲ ತಲೆ ಎತ್ತಿ, ಹೂಂ ಅನ್ನಿ, ಊಹೂಂ ಅನ್ನಿ, ಏನಾದರೂ ಅನ್ನಿ ಎಂದು ಒಳಗೊಳಗೇ ಅಂಗಲಾಚಿದಳು. ಅವರು ತಲೆ ಎತ್ತಲಿಲ್ಲ. ಅವರು ತಲೆ ಎತ್ತದೆ ಆಕೆಯ ನಾಲಿಗೆ ಹೊರಳಲಿಲ್ಲ. ಆಕೆಗೆ ತನ್ನ ಮೇಲೇ ಅಸಹ್ಯವಾಯಿತು, ಆದರೂ ಹೊರಳಲಿಲ್ಲ.

ಅಧ್ಯಕ್ಷರು ಕಾದರು. ಕಾಯಬೇಕಾದ್ದಕ್ಕಿಂತ ಹೆಚ್ಚೇ ಕಾದರು. “ಹಾಗಾದ್ರೆ ನಿರ್ಣಯ ಅಂಗೀಕಾರವಾಗಿದೆ. ಮುಂದಿನ ವಿಷಯ ಬೀದಿದೀಪ,” ಎಂದರು.

ಆಕೆ ಹೊರಗೆ ಬರುವಷ್ಟರಲ್ಲಿ ನಗರಸಭೆಯ ಮೆಟ್ಟಿಲ ಮೇಲೆ ತಾಯಂದಿರು ಮಾಜಿಯವರನ್ನು ಮುತ್ತಿಕೊಂಡಿದ್ದರು. ದೊಡ್ಡಕ್ಕ ಅವರ ಅಂಗಿಯ ತೋಳನ್ನೇ ಹಿಡಿದಿದ್ದಳು.

“ಏನಪ್ಪಾ ಮಾಜಿ, ಯಾಕೆ ಎತ್ತಿಸ್ದೆ? ನಿನ್ನ ಕಾಲಿಗೆ ಬೀಳೋದೊಂದು ಬಾಕಿ ಇತ್ತಲ್ಲೋ, ಯಾಕೆ ಎತ್ತಿಸ್ದೆ?”

“ನಾನೇನೂ ಹೇಳ್ಲಿಲ್ಲ ದೊಡ್ಡಕ್ಕ. ನನ್ನಾಣೆಗೂ ಬರೀ ಬೆವರು ಒರೆಸ್ಕೊಂಡೆ.”

“ಓಹೋ, ಬೆವರಂತೆ!” ಎಂದು ನರ್ಸಮ್ಮ ಚಪ್ಪಾಳೆ ತಟ್ಟಿದಳು. ಒಬ್ಬಳು ನಕ್ಕಳು, ಇನ್ನೊಬ್ಬಳು ಅವರ ಕಾಲ ಬಳಿ ಉಗಿದಳು. ಮಾಜಿಯವರು ಜೀವನದಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ಅಪ್ಪಟ ಸತ್ಯ ಹೇಳಿದ್ದರು, ಒಬ್ಬರೂ ನಂಬಲಿಲ್ಲ.

ಆಕೆಗೆ ತಡೆಯಲಾಗಲಿಲ್ಲ. ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ನಡುವೆ ನುಗ್ಗಿದಳು. “ಅವರನ್ಯಾಕೆ ಹಿಡ್ಕೊಂಡಿದೀರಾ? ಕೈ ಎತ್ತಿದ್ದು ನಾನು! ಅಲ್ಲ ಅನ್ನೋಕೆ ಅಧ್ಯಕ್ಷರು ಅವಕಾಶ ಕೊಟ್ರು, ಸುಮ್ನೆ ನಿಂತಿದ್ದೂ ನಾನೇ! ನಿಮ್ಮ ಮಕ್ಕಳ ಜಾಗ ಹೋಗಿದ್ದು ನನ್ನಿಂದ. ಬೈದ್ರೆ ನನ್ನನ್ನ ಬೈರಿ!”

ಗದ್ದಲ ನಿಂತಿತು. ಎಲ್ಲರೂ ಆಕೆಯ ಕಡೆ ತಿರುಗಿದರು. ಈಗ ಬೀಳುತ್ತದೆ ಎಂದು ಆಕೆ ಹಲ್ಲು ಕಚ್ಚಿ ನಿಂತಳು. ಬೀಳಲಿ ಎಂದೇ ನಿಂತಳು. ದೊಡ್ಡಕ್ಕ ಮಾಜಿಯವರ ತೋಳು ಬಿಟ್ಟು ಹತ್ತಿರ ಬಂದಳು, ತನ್ನ ಸೆರಗಿನಿಂದ ಆಕೆಯ ಮುಖ ಒರೆಸಿದಳು.

“ಅಳ್ಬೇಡ ಕಣವ್ವಾ. ನಿನ್ನದೇನಿದೆ ಇದ್ರಲ್ಲಿ, ಪಾಪ. ನೀನು ಮನೆಗೆ ಹೋಗು, ನಾವು ಇವರ ಹತ್ರ ಮಾತಾಡ್ಕೋತೀವಿ.”

ಹೆಂಗಸರು ಅತ್ತಿತ್ತ ಸರಿದು ಆಕೆಗೆ ಮೆಟ್ಟಿಲಿಳಿಯಲು ದಾರಿ ಬಿಟ್ಟರು. ಆಮೇಲೆ ಮತ್ತೆ ಮಾಜಿಯವರ ಕಡೆ ತಿರುಗಿ ಬೈಯತೊಡಗಿದರು.