ಮೀರಿದಳೋ, ದಾಟಿದಳೋ

ಕೊಣ್ಣೂರಿನ ಆ ಮನೆಯ ಪಡಸಾಲೆಯಲ್ಲಿ ಬಸವಣ್ಣನವರ ದೊಡ್ಡ ಪಟವಿದೆ. ಹೂವು, ಊದುಬತ್ತಿ, ವಿಭೂತಿ ಯಾವುದಕ್ಕೂ ಕೊರತೆಯಿಲ್ಲ. ಅವರ ಮಾತು ಕೇಳುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಮರುದಿನ ಭಾಗ್ಯಾಳ ಕುಬಸ, ಬಸುರಿಗೆ ಉಡಿ ತುಂಬುವ ಸೀಮಂತ. ಏಳು ತಿಂಗಳ ಬಸುರಿ ಹುಕ್ಕೇರಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ತಾಯಿ ಶೈಲಾ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಅಜ್ಜಿ ಶಿವಗಂಗವ್ವ ಉಡಿಗೆಂದು ಉತ್ತತ್ತಿ ಆರಿಸುತ್ತಿದ್ದಳು. ಇಂಗ್ಲಿಷ್ ಪುಸ್ತಕಗಳನ್ನು ಕನ್ನಡಕ್ಕೆ ತರುವುದು ಭಾಗ್ಯಾಳ ಕೆಲಸ. ಬಸುರಿ ಅಂತ ಅದೇನು ಬಿಡುತ್ತದೆಯೇ? ಲ್ಯಾಪ್‌ಟಾಪ್ ಹಿಡಿದು ಗೋಡೆಗೆ ಒರಗಿದ್ದಳು. ‘ಟ್ರಾನ್ಸ್‌ಗ್ರೆಸ್’ ಎಂಬ ಒಂದು ಕ್ರಿಯಾಪದ ಬೆಳಗಿನಿಂದ ಅವಳನ್ನು ಕಾಡುತ್ತಿತ್ತು.

“ಆಯಿ, ಗೆರಿ ದಾಟಿ ಆಚಿಗೆ ಹೆಜ್ಜಿ ಇಡೂದಕ್ಕ ನೀ ಏನಂತಿ?”

“ಹದ್ದ ಮೀರೂದು ಅಂತೀನಿ,” ಅಜ್ಜಿ ತಲೆ ಎತ್ತಲಿಲ್ಲ. “ಈಗಿನ ಹುಡಿಗ್ಯಾರು ಮಾಡ್ತಾರಲ್ಲ, ಅದು.”

ಭಾಗ್ಯಾ ನಕ್ಕಳು. “ಆ ಶಬ್ದದ ಬೇರಿನ್ಯಾಗ ಆಚಿ ಹೆಜ್ಜಿ ಇಡೂದು ಅಂತ ಅಷ್ಟ ಐತಿ. ಪಾಪ ಅನ್ನೂದು ಆಮ್ಯಾಲ ಬಂದ ಸೇರೇತಿ. ‘ಮೀರಿದಳು’ ಅಂತ ಬರದ್ರ ಓದವ್ರು ಆಕಿದ ತಪ್ಪು ಅಂತ ಮೊದಲ ತಿಳ್ಕೋತಾರ. ‘ದಾಟಿದಳು’ ಅಂದ್ರ ಸುಮ್ನ ನಡದಂಗ ಆಗತೈತಿ. ಗೆರಿ ಹಾಕಿದವ್ರು ಯಾರು ಅಂತ ಎರಡೂ ಹೇಳೂದಿಲ್ಲ.”

“ಹಿರ್ಯಾರು ಹಾಕ್ಯಾರ. ಸುಮ್‌ಸುಮ್ನ ಹಾಕ್ತಾರೇನ?” ಎಂದ ಅಜ್ಜಿ ಸೊಸೆಯತ್ತ ತಿರುಗಿದಳು. “ಶೈಲಾ, ನಾಳೆ ಉಡಿ ತುಂಬೂಮುಂದ ನೀ ಅಡಗಿಮನಿ ಬಿಟ್ಟು ಹೊರಗ ಬರಬ್ಯಾಡ.”

“ಹೂಂನ್ರಿ ಅತ್ತಿ,” ಎಂದಳು ಶೈಲಾ.

ಗಂಡ ಬಾಳೇಶ ಎದೆನೋವಿನಿಂದ ತೀರಿಕೊಂಡ ಮೇಲೆ ಕಬ್ಬಿಗೆ ನೀರು ಹಾಯಿಸಿದವಳು, ಮಗಳನ್ನು ಓದಿಸಿದವಳು ಈ ಶೈಲಾ. ಭಾಗ್ಯಾಳ ಮದುವೆಯ ದಿನ ಊರಿಗೆಲ್ಲ ಅಡಿಗೆ ಮಾಡಿಸಿ, ಅಕ್ಷತೆಯ ಹೊತ್ತಿಗೆ ಕಾಳಿನ ಕೋಣೆಯಲ್ಲಿ ನಿಂತಿದ್ದಳು. ಮಗಳ ಕೊರಳಿಗೆ ತಾಳಿ ಬಿದ್ದದ್ದು ಅವಳಿಗೆ ತಿಳಿದದ್ದು ವಾಲಗದ ಸದ್ದಿನಿಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ಆ ಮಾತು ಈ ಮನೆಯಲ್ಲಿ ಹಬ್ಬಕ್ಕೊಮ್ಮೆ ಖರೆಯಾಗುತ್ತಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಓದುವ ನಿಮಗೂ ಬರಲಿ.

ಮರುದಿನ ಪಡಸಾಲೆ ತುಂಬ ಮುತ್ತೈದೆಯರು. ಹಸಿರು ಸೀರೆ, ಹಸಿರು ಬಳೆಯ ಭಾಗ್ಯಾ ಮಣೆಯ ಮೇಲೆ ಕೂತಳು. ಅವಳ ಅತ್ತೆ ಶೋಭಾ ಅಕ್ಕಿಯ ತಾಟು ಹಿಡಿದು ಮುಂದೆ ಬಂದಳು. ಭಾಗ್ಯಾ ಸೆರಗು ಒಡ್ಡಲಿಲ್ಲ.

“ತಪ್ಪ ತಿಳ್ಕೋಬ್ಯಾಡ್ರಿ ಅತ್ತಿ. ಮೊದಲ ನಮ್ಮವ್ವ ತುಂಬಲಿ.”

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಶಿವಗಂಗವ್ವನಿಗೆ ರೇಗಿತು. “ಬುದ್ಧಿ ಐತಿಲ್ಲ ನಿನಗ? ಗಂಡನ್ನ ಕಳಕೊಂಡಾಕಿ ಉಡಿ ತುಂಬಿದ್ರ ಕೂಸಿಗೆ ಒಳ್ಳೇದ ಆಗತೈತೇನ?”

ಅಡಿಗೆಮನೆಯ ಬಾಗಿಲಲ್ಲಿ ಶೈಲಾ ನಿಂತಿದ್ದಳು. “ಹಟಾ ಮಾಡಬ್ಯಾಡವಾ. ನಾ ಒಲ್ಲೆ. ನಿನಗ, ಕೂಸಿಗೆ ಏನರ ಆದ್ರ ನಾ ಹೆಂಗ ಬದಕ್ಲಿ?”

ಹೆತ್ತ ತಾಯಿ ತನ್ನ ಕೈಗೆ ತಾನೇ ಹೆದರುವಂತೆ ಮಾಡಿದ ರೂಢಿ ಇದು. ಮೈಮೇಲೆ ಬಾಸುಂಡೆ ಕಾಣದೆಂದು ಇದನ್ನು ಯಾರೂ ಹೊಡೆತ ಎನ್ನುವುದಿಲ್ಲ.

ಭಾಗ್ಯಾ ಎದ್ದು ತಾಯಿಯ ಮುಂದೆ ಹೋಗಿ ನಿಂತಳು. “ಅವ್ವಾ, ಅಪ್ಪ ಸತ್ತ ದಿನ ನಿನ್ನ ತಾಳಿ ತಗದ್ರು, ಬಳಿ ಒಡದ್ರು. ಕೊರಳಾಗಿನ ಲಿಂಗಾ ತಗದ್ರೇನ?”

“ಅದನ್ನ ಹೆಂಗ ತಗೀತಾರ? ಸತ್ತ ಮ್ಯಾಲನೂ ಅದು ಜೋಡಿ ಬರ್ತೈತಿ.”

“ದಿನಾ ಮುಂಜಾನೆ ಇದ ಕೈಯಾಗ ಲಿಂಗಾ ಇಟ್ಕೊಂಡ ಪೂಜಿ ಮಾಡ್ತಿ. ಲಿಂಗಕ್ಕ ನಡಿಯೂ ಕೈ ನನ್ನ ಉಡಿಗೆ ಯಾಕ ನಡ್ಯಾಂಗಿಲ್ಲ? ಆಯಿ, ನೀನ ಹೇಳ.”

“ಮೊದಲಿಂದ ಹಂಗ ನಡದ ಬಂದೈತಿ,” ಎಂದಳು ಅಜ್ಜಿ.

“ಅವ್ವ ತುಂಬದಿದ್ರ ಈ ಉಡಿ ಬರಿದ ಇರ್ಲಿ. ನಾ ಹಂಗ ಹುಕ್ಕೇರಿಗೆ ಹೋಗ್ತೇನಿ,” ಎಂದಳು ಭಾಗ್ಯಾ.

ಶೋಭಾ ಹೊಟ್ಟೆಯೊಳಗಿನ ಮೊಮ್ಮಗುವನ್ನು ನೆನೆದು ಕ್ಷಣಹೊತ್ತು ಅಳುಕಿದಳು. ಆಮೇಲೆ ಬಂದು ಅಕ್ಕಿಯ ತಾಟನ್ನು ಶೈಲಾಳ ಕೈಗಿಟ್ಟಳು. “ಬರ್ರಿ ಬೀಗತಿ. ಹುಡಿಗಿ ಖರೇನ ಹೇಳಾಕತ್ತಾಳ.”

ಶೈಲಾ ಹೊಸ್ತಿಲಾಚೆ ಕಾಲಿಟ್ಟಳು. ಮೀರಿದಳು ಎನ್ನುವವರು ಎನ್ನಲಿ, ನಾನು ದಾಟಿದಳು ಎಂದೇ ಬರೆಯುತ್ತೇನೆ. ಮಗಳ ಸೆರಗಿಗೆ ಅಕ್ಕಿ ಸುರಿದಳು, ಖಣ ಇಟ್ಟಳು, ಉತ್ತತ್ತಿ ಇಟ್ಟಳು, ಅಳುತ್ತಲೇ ನಕ್ಕಳು. ಹೆಂಗಸರಲ್ಲಿ ಕೆಲವರು ಮುಖ ತಿರುವಿದರು. ಆದರೂ ಎದ್ದು ಹೋಗಲಿಲ್ಲ.

ಶಿವಗಂಗವ್ವ ಹಿತ್ತಲ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳೂ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ಒಬ್ಬನೇ ಮಗನ ಅಕ್ಷತೆಯ ಹೊತ್ತಿನಲ್ಲಿ ಹಿತ್ತಲಲ್ಲಿ ಕೂತಿದ್ದವಳು.

ಭಾಗ್ಯಾ ತುಂಬಿದ ಸೆರಗು ಹಿಡಿದು ಅವಳ ಮುಂದೆ ಬಂದಳು. “ಈಗ ನೀ ತುಂಬ, ಆಯಿ.”

ಮುದುಕಿ ಬೇಡವೆನ್ನಲಿಲ್ಲ. ತಾಟಿನ ಮೇಲೆ ಕೈ ಆಡಿಸಿದಳು. ಅಕ್ಕಿ ಮುಟ್ಟಿ ಬಿಟ್ಟಳು, ಅರಿಷಿಣದ ಕೊಂಬು ಮುಟ್ಟಿ ಬಿಟ್ಟಳು. ಕೊನೆಗೆ ಸಣ್ಣ ದನಿಯಲ್ಲಿ ಸೊಸೆಯನ್ನು ಕೇಳಿದಳು:

“ಶೈಲಾ, ಮೊದಲ ಯಾವುದ ಹಾಕ್ತಾರವಾ? ನನಗ ಮರತ ಹೋಗೇತಿ.”