ದೀಪ ದೊಡ್ಡದು ಮಾಡಿದ ಸ್ವಿಚ್ಚು

ನಾನು ಒಂದು ಸ್ವಿಚ್ಚು. ನಗಬೇಡಿ. ದಸರೆಗೆಂದು ಮೈಸೂರಿಗೆ ಬಂದು, ಬಾಯಿ ಬಿಟ್ಟುಕೊಂಡು ದೀಪ ನೋಡಿ, "ಅಬ್ಬಬ್ಬಾ!" ಎಂದು ಹೋಗುವ ನಿಮ್ಮಲ್ಲಿ ಒಬ್ಬರಾದರೂ ಗೋಡೆಯ ಕಡೆ ತಿರುಗಿ "ನೀನು ಹೇಗಿದ್ದೀಯಮ್ಮ?" ಎಂದು ಕೇಳಿದ್ದುಂಟಾ? ಹಣತೆಗೆ ಕೈಮುಗಿಯುತ್ತೀರಿ. ಬಲ್ಬಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೀರಿ. ನನಗೆ ಮಾತ್ರ ಹೋಗುತ್ತಾ ಬರುತ್ತಾ ಮೂಗಿಗೊಂದು ಏಟು.

ಹುಟ್ಟಿನಲ್ಲಿ ನಾನೇನು ಕಡಿಮೆಯವಳಲ್ಲ. ಹಣತೆ ಹುಟ್ಟಿದ್ದು ಮಣ್ಣಿನಲ್ಲಿ, ನಾನು ಹುಟ್ಟಿದ್ದೂ ಮಣ್ಣಿನಲ್ಲೇ. ಅವಳು ಕೆಮ್ಮಣ್ಣಿನ ಮಗಳು, ನಾನು ಬಿಳಿಮಣ್ಣಿನವಳು. ಅವಳನ್ನು ಕುಂಬಾರರ ಆವಿಗೆಯಲ್ಲಿ ಸುಟ್ಟರು, ನನ್ನನ್ನು ಪಿಂಗಾಣಿ ಕಾರ್ಖಾನೆಯ ಭಟ್ಟಿಯಲ್ಲಿ. ಆಮೇಲೆ ತಲೆಗೆ ಹಿತ್ತಾಳೆಯ ಟೋಪಿ ತೊಡಿಸಿ, ನಡುವೆ ಮೂಗಿನ ಹಾಗೆ ಒಂದು ಗುಬಟು ಇಟ್ಟರು. ಕೆಳಗೆ ಒತ್ತಿದರೆ ಬೆಳಕು, ಮೇಲೆ ಎತ್ತಿದರೆ ಕತ್ತಲೆ. ಇಷ್ಟೇ ನನ್ನ ವಿದ್ಯೆ.

ಅಲ್ಲಿಂದ ನನ್ನನ್ನು ತಂದು ಹಂಸವನ ಎಂಬ ಬಂಗಲೆಯ ಮಹಡಿಯ ವರಾಂಡದಲ್ಲಿ ಕೂರಿಸಿದರು. ಆ ವರಾಂಡದಲ್ಲಿ ನಿಂತರೆ ಮರಗಳ ತಲೆಯ ಮೇಲಿಂದ ಅರಮನೆ ಕಾಣುತ್ತದೆ. ಮೊದಲು ದೊಡ್ಡವರ ಅತಿಥಿಗಳು ಇಳಿದುಕೊಳ್ಳುತ್ತಿದ್ದರು. ಮುಂದೆ ಅದು ಹೋಟೆಲಾಯಿತು.

ನನ್ನ ಮೊದಲ ಯಜಮಾನ ಬೋರಯ್ಯ, ಬಂಗಲೆಯ ದೀಪದ ಆಳು. ಸಂಜೆ ನನ್ನನ್ನು ಒತ್ತಿ, ಬಲ್ಬಿಗೆ ಕೈಮುಗಿಯುತ್ತಿದ್ದ. ನನಗೂ ಸಲ್ಲಲಿ ಎಂದು ಆ ಕೈಯನ್ನೇ ನನ್ನ ಟೋಪಿಗೆ ಸವರುತ್ತಿದ್ದ. ಮಲಗುವ ಹೊತ್ತಿಗೆ ಬಂದು, "ದೀಪ ದೊಡ್ಡದು ಮಾಡ್ಲಾ ಬುದ್ಧೀ?" ಎಂದು ಕೇಳುತ್ತಿದ್ದ. 'ಆರಿಸಲಾ' ಎಂದು ಎಂದೂ ಅಂದವನಲ್ಲ. ದೀಪ ಆರುವುದು ಅಂದರೆ ಅಶುಭ ಅಲ್ಲವೇ? ಅದಕ್ಕೇ ಹಿಂದಿನವರು ಆರಿಸುವುದಕ್ಕೆ ದೊಡ್ಡದು ಮಾಡುವುದು ಎಂದರು. ಎಂಥ ಮಾತು ನೋಡಿ! ನಾನು ಮೂಗೆತ್ತಿ ಕತ್ತಲೆ ತಂದಾಗಲೆಲ್ಲ ಏನನ್ನೋ ದೊಡ್ಡದು ಮಾಡಿದೆನೆಂದು ಹಿಗ್ಗುತ್ತಿದ್ದೆ.

ಬೋರಯ್ಯ ಹೋದ. ಯಜಮಾನರು ಬದಲಾದರು. ಕೊನೆಗೆ ಯಾವುದೋ ಕಂಪನಿ ಬಂದು ಬಂಗಲೆಗೆ 'ಪಾರಂಪರಿಕ' ಎಂದು ಹಲಗೆ ಹಾಕಿತು. ಪರಂಪರೆ ಅಂದರೆ ಏನೆಂದುಕೊಂಡಿರಿ? ದಸರೆ ಬಂತೆಂದರೆ ಕಂಬಕ್ಕೆ, ಕಮಾನಿಗೆ, ಪಾಪದ ಸಂಪಿಗೆ ಮರದ ಕುತ್ತಿಗೆಗೂ ಸೀರಿಯಲ್ ಸೆಟ್ಟು ಸುತ್ತುವುದು. ಹೊಸ ಲೈನು ಎಳೆಯಲು ಸೋಮಾರಿತನ. ಮಹಡಿಯ ದೀಪಗಳನ್ನೆಲ್ಲ ತಂದು ನನ್ನ ಹಳೆಯ ತಂತಿಗೇ ಗಂಟು ಹಾಕಿದರು! ಬೆನ್ನು ಬಿಸಿಯೇರಿ ಚುರುಗುಟ್ಟುತ್ತಿದ್ದರೂ ಕೇಳುವವರಿಲ್ಲ.

ಒಂದು ವರ್ಷ ದಸರೆಗೆ ಮಹಡಿಯ ಕೋಣೆಗೆ ಚಿಕ್ಕತಾಯಮ್ಮ ಎಂಬ ಅಜ್ಜಿ, ಮೊಮ್ಮಗಳು ಇಂಚರಾಳ ಜೊತೆ ಬಂದರು. ಕಣ್ಣಿನ ಪೊರೆ ತೆಗೆಸಿಕೊಂಡು ಗುಣವಾದ ಮೇಲೆ ಅಜ್ಜಿಯ ಆಸೆ ಒಂದೇ.

"ಮಂಜಾಗಿದ್ದ ಕಣ್ಣಲ್ಲಿ ಎಷ್ಟು ದಸರಾ ಕಳೆದ್ನೋ. ಒಂದ್ಸಲ ಅರಮನೆ ದೀಪ ನೆಟ್ಟಗೆ ಕಂಡುಬಿಡ್ಲಿ ಕಣೇ."

"ಕಾಣತ್ತಜ್ಜಿ, ಈ ವರಾಂಡದಿಂದ ಕಾಣತ್ತೆ ಅಂತಲೇ ಇಲ್ಲಿ ರೂಮ್ ಹಿಡ್ದಿರೋದು," ಎಂದಳು ಇಂಚರಾ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ಹೇಳಿ ಬರಲು ಕೆಳಗೆ ಹೋದಳು.

ಅಜ್ಜಿ ಎದುರಿಗೆ ನೋಡಿದರು. ಕಮಾನಿನ ತುಂಬ ನೀಲಿ, ಹಸಿರು, ಗುಲಾಬಿ ಬಲ್ಬುಗಳು ಕಣ್ಣಿಗೆ ಹೊಡೆಯುತ್ತಿದ್ದವು. ಅದರಾಚೆ ಅರಮನೆಯೂ ಇಲ್ಲ, ಆಕಾಶವೂ ಇಲ್ಲ. ಹೊಸ ಕಣ್ಣಿನಲ್ಲಿ ನೀರು. ಅರಮನೆಯ ದೀಪವೋ ಸಂಜೆ ಸ್ವಲ್ಪ ಹೊತ್ತು ಮಾತ್ರ.

ಆ ಕಡೆ ಬಂದ ಮ್ಯಾನೇಜರ್ ಪ್ರಣೀತನನ್ನು ಅಜ್ಜಿ ಕರೆದರು. "ಅಪ್ಪಾ, ಅರಮನೆ ಕಾಣ್ತಾ ಇಲ್ಲ. ದೀಪ ಒಂಚೂರು ದೊಡ್ಡದು ಮಾಡಪ್ಪ."

"ಷೂರ್ ಅಜ್ಜಿ!" ಎಂದವನೇ ಕೆಳಗೆ ಫೋನು ಮಾಡಿದ. ತೋಟದಿಂದ ಬಿಳಿ ಫ್ಲಡ್‌ಲೈಟೊಂದು ಧಗ್ಗನೆ ಹತ್ತಿ ವರಾಂಡಕ್ಕೇ ನುಗ್ಗಿತು.

ಅಜ್ಜಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. "ಅಯ್ಯೋ ನಿನ್ನ! ದೊಡ್ಡದು ಮಾಡೋ ಅಂದ್ರೆ!"

"ಇನ್ನೂ ದೊಡ್ಡದಾ?" ಪ್ರಣೀತ ತಲೆ ಕೆರೆದುಕೊಂಡ. "ಪಾಪ, ಕಣ್ಣು ತುಂಬಾನೇ ಮಂದ ಅನ್ಸತ್ತೆ," ಎಂದು ಗೊಣಗುತ್ತ, ಇನ್ನೊಂದು ದೀಪ ತರಿಸಲು ಅವಸರವಾಗಿ ಇಳಿದುಹೋದ.

ಮಂದವಂತೆ! ಕನ್ನಡದ ಮಾತಿಗೆ ಅವನ ಕಿವಿ ಮಂದವಾದರೆ ಅಜ್ಜಿಯ ಕಣ್ಣಿಗೇಕೆ ಕೆಟ್ಟ ಹೆಸರು? 'ಆರಿಸು' ಎಂದಿದ್ದರೆ ಕೆಲಸ ಆಗುತ್ತಿತ್ತು, ನಿಜ. ಆದರೆ ಹಬ್ಬದ ದಿನ ಆ ಮಾತನ್ನು ನಾಲಿಗೆಯ ಮೇಲೆ ತರಲು ಅಜ್ಜಿ ಒಪ್ಪಬೇಕಲ್ಲ! ನನಗೆ ಕೂಗಬೇಕೆನಿಸಿತು: ನಾನಿಲ್ಲಿದ್ದೇನೆ ತಾಯಿ, ಎಡಗಡೆಗೆ!

ನನ್ನ ಮನಸ್ಸಿನ ಕೂಗು ಕೇಳಿಸಿತೋ ಏನೋ. ಅಜ್ಜಿ ಎದ್ದು, ಗೋಡೆ ಸವರುತ್ತ ಬಂದರು. ಬೆರಳು ನನ್ನ ಟೋಪಿಗೆ ತಗುಲಿತು. "ಓ, ಇಲ್ಲಿದ್ದೀಯ," ಎಂದರು. ಮೆಲ್ಲನೆ ನನ್ನ ಮೂಗು ಎತ್ತಿದರು.

ಟಕ್.

ಮಹಡಿಯೆಲ್ಲ ಕತ್ತಲಾಯಿತು. ಫ್ಲಡ್‌ಲೈಟೂ ನನ್ನ ತಂತಿಯಿಂದಲೇ ಕದ್ದು ಕುಡಿಯುತ್ತಿತ್ತೆಂದು ನನಗೆ ಆಗಲೇ ತಿಳಿದದ್ದು. ಹೋಟೆಲು ನೋಡಲು ರಸ್ತೆಯಲ್ಲಿ ನಿಂತಿದ್ದ ಜನ "ಓ!" ಎಂದು ಕೂಗಿದರು. ಯಾರೋ ಶಿಳ್ಳೆ ಹೊಡೆದರು. ಇಂಚರಾ ಕಾಫಿ ಬಿಟ್ಟು ಓಡಿ ಬಂದಳು, ಅವಳ ಹಿಂದೆ ಪ್ರಣೀತ.

"ಯಾರ್ರೀ ಇದನ್ನ ಆಫ್ ಮಾಡಿದ್ದು?"

"ಆಫೂ ಇಲ್ಲ ಗೀಫೂ ಇಲ್ಲ. ದೊಡ್ಡದು ಮಾಡ್ದೆ ಕಣಪ್ಪ," ಎಂದರು ಅಜ್ಜಿ. "ನಿನಗೆ ಎರಡು ಸಲ ಹೇಳ್ದೆ, ನೀನೆಲ್ಲಿ ಮಾಡ್ದೆ?"

"ಜನ ಈ ಲೈಟ್ ನೋಡೋಕ್ಕೇ ಬರೋದು ಅಜ್ಜಿ!"

"ನಾನು ಆ ಲೈಟ್ ನೋಡೋಕೆ ಬಂದೆ," ಎಂದು ಅಜ್ಜಿ ಕೈ ಚಾಚಿದರು.

ಮರಗಳ ಮೇಲೆ ಅರಮನೆ ಚಿನ್ನದ ಚುಕ್ಕಿ ರಂಗೋಲಿಯ ಹಾಗೆ ನಿಂತಿತ್ತು. ಗೋಪುರ, ಕಮಾನು, ಕಮಾನಿನೊಳಗಿನ ಕಮಾನು. ಪ್ರಣೀತನ ಕೈ ನನ್ನ ಕಡೆಗೆ ಬಂದಿತ್ತು. ಇಂಚರಾ ಅದನ್ನು ಹಿಡಿದು, "ಒಂದು ನಿಮಿಷ ಇರ್ರೀ," ಎಂದಳು. ಅಜ್ಜಿ ರೆಪ್ಪೆ ಮಿಟುಕಿಸದೆ ನೋಡಿದರು. ನೋಡುತ್ತಿದ್ದಂತೆಯೇ ಅರಮನೆಯ ದೀಪಗಳು ಒಮ್ಮೆಲೇ ದೊಡ್ಡದಾದವು. ಆ ಕತ್ತಲೆಗೆ ಅಜ್ಜಿ ಕೈಮುಗಿದರು.

ಮಾರನೆಯ ದಿನವೇ ನನ್ನನ್ನು ಗೋಡೆಯಿಂದ ಕಿತ್ತರು. ತಂತಿ ಕರಗುವಷ್ಟು ಹೊರೆ ಹೇರಿದವರಿಗೆ ಶಿಕ್ಷೆಯಿಲ್ಲ; ನನಗೆ 'ಅಪಾಯಕಾರಿ' ಎಂಬ ಬಿರುದು. ನನ್ನ ಜಾಗದಲ್ಲಿ ಈಗ ತಾನಾಗಿಯೇ ಹತ್ತುವ ಒಂದು ಪೆಟ್ಟಿಗೆಯಿದೆ, ಅದಕ್ಕೆ ಬೀಗವೂ ಇದೆ. ನಾನು ಕೆಳಗಿನ ಹಜಾರದ ಗಾಜಿನ ಬೀರುವಿನಲ್ಲಿ, ರೇಷ್ಮೆ ಬಟ್ಟೆಯ ಮೇಲೆ ಮಲಗಿದ್ದೇನೆ. ಪಕ್ಕದಲ್ಲಿ 'ಪಾರಂಪರಿಕ ಸ್ವಿಚ್ಚು, ಮುಟ್ಟಬೇಡಿ' ಎಂಬ ಚೀಟಿ. ಮುಟ್ಟದ ಸ್ವಿಚ್ಚು ಯಾವ ಸೀಮೆಯ ಸ್ವಿಚ್ಚು, ನೀವೇ ಹೇಳಿ!

ವಯಸ್ಸಾಯಿತು. ಒಂದಿಷ್ಟು ನಿದ್ದೆಯಾದರೂ ಬರಲಿ ಎಂದರೆ, ನನ್ನ ಅಂದ ಎದ್ದು ಕಾಣಲೆಂದು ನೆತ್ತಿಯ ಮೇಲೆಯೇ ಪುಟ್ಟದೊಂದು ದೀಪ ಇಟ್ಟಿದ್ದಾರೆ. ಹಗಲೂ ರಾತ್ರಿ ಉರಿಯುತ್ತದೆ. ಅದಕ್ಕೆ ಸ್ವಿಚ್ಚೇ ಇಲ್ಲವಂತೆ.